ಒಂದು ನಲವತ್ತಾದ ಮೇಲೆ ಒಂದು ಹತ್ತು

2025ರ ನವೆಂಬರ್ 2ರ ನಂತರ ಬಂದ ಪತ್ರ, ಮೇಲ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು: ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರು, ಇಲ್ಲಿ ನಮ್ಮ ಪ್ರೋಗ್ರಾಂ ತಲೆಕೆಳಗಾಯಿತು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ, ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಟ್ಟು ಚಳಿಗಾಲಕ್ಕೆ ವಾಪಸ್ ತರುವ ಡೇಲೈಟ್ ಸೇವಿಂಗ್‌ಗೇ ಹೋಗಲಿ. ಎಕ್ಸೆಲ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಮಾತ್ರೆ ನೆನಪಿಸುವ ಆ್ಯಪ್ ನಮ್ಮದು. ಒಂದು ರಿಮೈಂಡರ್ ಹೋದ ಕೂಡಲೇ ಅದಕ್ಕೆ 86,400 ಸೆಕೆಂಡ್ (24 ಗಂಟೆ) ಕೂಡಿಸಿ ಮುಂದಿನದನ್ನು ಇಡುತ್ತೇವೆ. ನ್ಯೂಯಾರ್ಕ್ ಕಡೆಯ ಬಳಕೆದಾರರಿಗೆ ಬೆಳಗ್ಗೆ 8ಕ್ಕೆ ಬರಬೇಕಾದದ್ದು ನವೆಂಬರ್ 2ರಿಂದ 7ಕ್ಕೇ ಬರುತ್ತಿದೆ. ಎಲ್ಲವನ್ನೂ ಯುಟಿಸಿಯಲ್ಲೇ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲೇ, ಇಟ್ಟಿದ್ದೇವೆ. ಆದರೂ ಯಾಕೆ ಹೀಗೆ?
— ದಾವಣಗೆರೆಯ ಹುಡುಗಿ, ಈಗ ಬೆಂಗಳೂರು

ಉತ್ತರ: ಯುಟಿಸಿ ನಿಮ್ಮ ಕೈಬಿಟ್ಟಿಲ್ಲ. ನೀವು ಕೂಡಿಸು ಎಂದದ್ದನ್ನು ಅದು ನಿಯತ್ತಾಗಿ ಕೂಡಿಸಿದೆ. ಕೂಡಿಸಬೇಕಾದದ್ದೇ ಬೇರೆ ಇತ್ತು.

ನವೆಂಬರ್ 2ರ ನಸುಕಿನಲ್ಲಿ ನ್ಯೂಯಾರ್ಕಿನ ಗಡಿಯಾರ 1:59 ದಾಟಿ 2ಕ್ಕೆ ಬರುವ ಬದಲು ಮತ್ತೆ 1ಕ್ಕೆ ಬಂತು. ಆ ಭಾನುವಾರಕ್ಕೆ 25 ಗಂಟೆ, ಅಂದರೆ 90,000 ಸೆಕೆಂಡ್. ಶನಿವಾರ ಬೆಳಗಿನ 8ರಿಂದ ಭಾನುವಾರ ಬೆಳಗಿನ 8ರವರೆಗೆ 25 ಗಂಟೆ ಆಗುವಾಗ ನೀವು 24 ಕೂಡಿಸಿದಿರಿ, 7ಕ್ಕೆ ಬಂದು ನಿಂತಿರಿ. ಅಲ್ಲಿಂದ ಮುಂದೆ ದಿನವೂ 7. ಗಡಿಯಾರ ಮುಂದಕ್ಕೆ ಸರಿಯುವ 2026ರ ಮಾರ್ಚ್ 8ರ ಭಾನುವಾರಕ್ಕೆ 23 ಗಂಟೆಯಷ್ಟೇ ಇರುವುದರಿಂದ ಈಗಿನ 7 ತಾನಾಗಿ 8 ಆಗುತ್ತದೆ. ಆಗ ಯಾರೋ ಒಬ್ಬರು "ಬಗ್ ಹೋಯ್ತು" ಎಂದು ಟಿಕೆಟ್ ಮುಚ್ಚುತ್ತಾರೆ. ಮುಚ್ಚಲು ಬಿಡಬೇಡಿ.

ನಮ್ಮ ಮಾತಿನಲ್ಲಿ ಈ ಎರಡು ಲೆಕ್ಕ ಮೊದಲಿಂದಲೂ ಬೇರೆ ಬೇರೆ. ಹಾಲಿನವನಿಗೆ "ನಾಳೆನೂ ಇಷ್ಟೊತ್ತಿಗೇ ಬಾರಪ್ಪ" ಎನ್ನುತ್ತೇವೆ. ಅದು ಗೋಡೆ ಗಡಿಯಾರದ ಲೆಕ್ಕ, ನಡುವೆ ಎಷ್ಟು ಹೊತ್ತು ಕಳೆಯಿತು ಎನ್ನುವುದು ಅವನಿಗೂ ಬೇಡ, ನಮಗೂ ಬೇಡ. ಇಡ್ಲಿ ಹಿಟ್ಟು ರುಬ್ಬಿಟ್ಟು "ಎಂಟು ಗಂಟೆ ಹುದುಗಬೇಕು" ಎನ್ನುತ್ತೇವಲ್ಲ, ಅದು ಕಳೆದ ಹೊತ್ತಿನ ಲೆಕ್ಕ. ಗಡಿಯಾರವನ್ನು ಯಾರು ಎಷ್ಟು ಸಲ ತಿರುಗಿಸಿದರೂ ಹಿಟ್ಟಿಗೆ ತನ್ನ ಎಂಟು ಗಂಟೆ ಬೇಕೇ ಬೇಕು. ನಿಮ್ಮ ಆ್ಯಪ್‌ನಲ್ಲಿ ಇವೆರಡೂ ಇವೆ. ಬೆಳಗ್ಗೆ ತಿಂಡಿ ಆದ ಮೇಲೆ ನುಂಗುವ ಬಿಪಿ ಮಾತ್ರೆ ಹಾಲಿನವನ ಜಾತಿ. ಎಂಟು ಗಂಟೆಗೊಮ್ಮೆ ಎಂದು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಹಿಟ್ಟಿನ ಜಾತಿ. ಎರಡನ್ನೂ ಒಂದೇ ಕೋಷ್ಟಕದಲ್ಲಿ, ಒಂದೇ ಸೂತ್ರದಲ್ಲಿ ಸಾಗಹಾಕಿದ್ದೇ ತಪ್ಪು.

ಪ್ರೋಗ್ರಾಮಿಂಗ್ ಭಾಷೆಗಳಿಗೂ ಈ ವ್ಯತ್ಯಾಸ ಗೊತ್ತು. ಜಾವಾದ ಝೋನ್ಡ್‌ಡೇಟ್‌ಟೈಮ್‌ಗೆ ಪ್ಲಸ್‌ಡೇಸ್ 1 ಎಂದರೆ ನಾಳೆ ಇದೇ ಹೊತ್ತು, ಪ್ಲಸ್‌ಅವರ್ಸ್ 24 ಎಂದರೆ ನಿಜವಾಗಿ ಕಳೆದ 24 ಗಂಟೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲೂ '1 ಡೇ' ಬೇರೆ, '24 ಅವರ್ಸ್' ಬೇರೆ. ಆದರೆ ಸೆಷನ್ನಿನ ಟೈಮ್‌ಝೋನ್ ಯುಟಿಸಿ ಆಗಿದ್ದರೆ ಎರಡೂ ಒಂದೇ ಉತ್ತರ ಕೊಡುತ್ತವೆ, ಯಾಕೆಂದರೆ ಯುಟಿಸಿಗೆ ಡೇಲೈಟ್ ಸೇವಿಂಗ್ ಇಲ್ಲ. ಪೈಥಾನ್ ಇನ್ನೊಂದು ಥರ. ನ್ಯೂಯಾರ್ಕ್ ಝೋನಿನ ಸಮಯಕ್ಕೆ ಟೈಮ್‌ಡೆಲ್ಟಾದಲ್ಲಿ 24 ಗಂಟೆ ಕೂಡಿಸಿದರೂ ಅದು ಗೋಡೆ ಗಡಿಯಾರದ ಲೆಕ್ಕವನ್ನೇ ಮಾಡುತ್ತದೆ. ಕಳೆದ ಹೊತ್ತು ಬೇಕಿದ್ದರೆ ಯುಟಿಸಿಗೆ ಬದಲಿಸಿ, ಕೂಡಿಸಿ, ವಾಪಸ್ ತರಬೇಕು. ಇದರಲ್ಲಿ ಬೀಳದವರನ್ನು ನಾನು ನೋಡಿಲ್ಲ, ನಾನೂ ಬಿದ್ದಿದ್ದೇನೆ.

ನೀವು ಮಾಡಬೇಕಾದದ್ದು: ಬಿಪಿ ಮಾತ್ರೆಯ ಸಾಲಿನಲ್ಲಿ "8:00" ಎಂದೂ "ಅಮೆರಿಕಾ/ನ್ಯೂಯಾರ್ಕ್" ಎಂದೂ ಇಡಿ. ಪ್ರತಿ ಸಲವೂ ಅವೆರಡರಿಂದ ಮುಂದಿನ ಯುಟಿಸಿ ಕ್ಷಣವನ್ನು ಹೊಸದಾಗಿ ಲೆಕ್ಕ ಹಾಕಿ, ಹಿಂದಿನ ರಿಮೈಂಡರ್‌ಗೆ ಕೂಡಿಸಲು ಹೋಗಬೇಡಿ. ಯುಟಿಸಿಗಿಂತ ಐದು ಗಂಟೆ ಹಿಂದೆ ಎಂಬ "-5" ಇಡಬೇಡಿ, ಅದು ಚಳಿಗಾಲದ ವಿಳಾಸ ಮಾತ್ರ. ಮೂರಕ್ಷರದ ಹೆಸರೂ ಬೇಡ. ಐಎಸ್‌ಟಿ ಎಂದರೆ ನಮಗೆ ಭಾರತ, ಇಸ್ರೇಲಿನವರಿಗೆ ಇಸ್ರೇಲ್, ಐರ್ಲೆಂಡಿನವರಿಗೆ ಬೇಸಿಗೆ.

ಇನ್ನು ರಾತ್ರಿ 2:30ಕ್ಕೆ ರಿಮೈಂಡರ್ ಇಟ್ಟವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮಾರ್ಚ್ 8ರಂದು ಅಲ್ಲಿ ಗಡಿಯಾರ 2ರಿಂದ ಸೀದಾ 3ಕ್ಕೆ ಹೋಗುವುದರಿಂದ 2:30 ಎನ್ನುವುದೇ ಇಲ್ಲ. ಜಾವಾ ಅದನ್ನು 3:30ಕ್ಕೆ ತಳ್ಳುತ್ತದೆ. ಮಾತ್ರೆಗೆ ಅದು ಸಾಕು. ನವೆಂಬರಿನಲ್ಲಿ 1:30 ಎರಡು ಸಲ ಬಂದಾಗ ಮೊದಲನೆಯದಕ್ಕೆ ಮಾತ್ರ ಬಡಿಯಲಿ. ಎರಡು ಸಲ ಬಡಿದರೆ ಪಾಪ, ಎರಡು ಮಾತ್ರೆ ನುಂಗುವವರೂ ಇದ್ದಾರೆ.

ಪ್ರಶ್ನೆ: ಅಕ್ಕಾರ, ನಾ ಪೈಥಾನ್ ಕಲಿಯಾಕತ್ತೀನಿ. ಪೈಟಿಝಡ್ ಅನ್ನೂ ಟೈಮ್‌ಝೋನ್ ಲೈಬ್ರರಿ ಹಾಕಿ ಏಷ್ಯಾ/ಕೋಲ್ಕತ್ತಾ ಅಂತ ಕೊಟ್ರ 5:30 ಬರೂದು ಬಿಟ್ಟು 5:53 ತೋರಸ್ತೈತಿ. ಈ 23 ನಿಮಿಷ ಎಲ್ಲಿಂದ ಬಂತು? ಲ್ಯಾಪ್‌ಟಾಪ್ ಕೆಟ್ಟೈತೇನು?
— ಬಿಸಿಎ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಲ್ಯಾಪ್‌ಟಾಪ್ ಗಟ್ಟಿಯಾಗಿದೆ ತಮ್ಮಾ. ಯುಟಿಸಿಗಿಂತ ನಮ್ಮ ಗಡಿಯಾರ 5:30 ಮುಂದೆ; ಆ 5:53 ಹಳೇ ಕಲ್ಕತ್ತೆಯ ಸೂರ್ಯನ ಸಮಯ. ಕಲ್ಕತ್ತೆ ಇರುವುದು ಸುಮಾರು 88 ಡಿಗ್ರಿ 22 ನಿಮಿಷ ಪೂರ್ವ ರೇಖಾಂಶದಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿ ನೋಡು, 5 ಗಂಟೆ 53 ನಿಮಿಷ 28 ಸೆಕೆಂಡ್ ಬರುತ್ತದೆ. ದೇಶಕ್ಕೆಲ್ಲ ಒಂದೇ ಸಮಯ ಎಂದು 82.5 ಡಿಗ್ರಿಯ ರೇಖೆ ಹಿಡಿದು 5:30 ಮಾಡಿದ್ದು 1906ರಲ್ಲಿ. ಅದಕ್ಕೂ ಮುಂಚಿನ ಇತಿಹಾಸವೂ ಪೈಟಿಝಡ್ ಓದುವ ಟೈಮ್‌ಝೋನ್ ಕೋಷ್ಟಕದಲ್ಲಿದೆ. ಪೈಟಿಝಡ್‌ನ ಝೋನನ್ನು ನೇರವಾಗಿ ಟಿಝಡ್‌ಇನ್ಫೋ ಜಾಗಕ್ಕೆ ತುರುಕಿದರೆ ಅದು ಪಟ್ಟಿಯ ಮೊದಲ ಸಾಲನ್ನೇ ಎತ್ತಿಕೊಡುತ್ತದೆ. ಲೋಕಲೈಝ್ ಎಂಬ ಫಂಕ್ಷನ್ ಮೂಲಕ ಹೋಗಬೇಕಿತ್ತು. ಈಗ ಕಲಿಯುತ್ತಿರುವವನಿಗೆ ಅದೂ ಬೇಡ, 3.9ರಿಂದ ಪೈಥಾನ್‌ನಲ್ಲೇ ಝೋನ್‌ಇನ್ಫೋ ಇದೆ, ಅದನ್ನು ಬಳಸು. ವಿಂಡೋಸ್ ಆಗಿದ್ದರೆ ಆ ಕೋಷ್ಟಕವಿರುವ ಟಿಝಡ್‌ಡೇಟಾ ಪ್ಯಾಕೇಜನ್ನೂ ಹಾಕಿಕೊ.

ಕೆಲವು ಕಡೆ ಇದೇ ಝೋನ್ "ಏಷ್ಯಾ/ಕಲ್ಕತ್ತಾ" ಎಂಬ ಹಳೇ ಹೆಸರಲ್ಲಿ ಬರುತ್ತದೆ. ಎರಡೂ ಒಂದೇ. ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ "ಇವನು ಭಾರತದವನಲ್ಲ" ಎಂದು ತೀರ್ಪು ಕೊಡುವ ಕೋಡ್ ಮಾತ್ರ ಬರೆಯಬೇಡ.

ಪ್ರಶ್ನೆ: ಮಾನ್ಯರೇ, ನನ್ನ ಮೊಮ್ಮಗಳಿಗೆ ನ್ಯೂಜೆರ್ಸಿಯಲ್ಲಿ ನವೆಂಬರ್ 2ರ ರಾತ್ರಿ 1:20ಕ್ಕೆ ಹೆಣ್ಣು ಮಗು ಹುಟ್ಟಿತು. ಅಂದು ಅಲ್ಲಿ 1:20 ಎರಡು ಬಾರಿ ಬಂದಿದೆ ಎಂದು ಜೋಯಿಸರು ಜಾತಕ ಬರೆಯದೆ ಕೂತಿದ್ದಾರೆ. ಅದೇ ನೆಪದಲ್ಲಿ ನನ್ನದನ್ನೂ ಹಾಕಿ ನೋಡಿದೆ. ನಾನು 1943ರಲ್ಲಿ ಹುಟ್ಟಿದವನು, ಬೆಳಗ್ಗೆ 7:10 ಎಂದು ಬರೆದಿಟ್ಟಿದ್ದಾರೆ. ಮೊಬೈಲಿನ ಎರಡು ಆ್ಯಪ್‌ಗಳು ಎರಡು ಲಗ್ನ ತೋರಿಸುತ್ತಿವೆ. ಯಾವುದನ್ನು ನಂಬಲಿ?
— ನಿವೃತ್ತ ಉಪಾಧ್ಯಾಯರು, ಶಿವಮೊಗ್ಗ ಜಿಲ್ಲೆ

ಉತ್ತರ: ಮೇಷ್ಟ್ರೇ, ಮರಿಮಗಳು ಬಂದದ್ದಕ್ಕೆ ಮೊದಲು ಅಭಿನಂದನೆ. ನಿಮ್ಮ ಜೋಯಿಸರ ಕೈ ಮುಟ್ಟಿ ನಮಸ್ಕಾರ ಹೇಳಿ. ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಸಂಶಯ ಬಾರದ ಹುಡುಗರಿದ್ದಾರೆ.

ಅಲ್ಲಿನ ಮೊದಲನೇ 1:20 ಬೇಸಿಗೆ ಸಮಯದ್ದು. ಆಗ ನಮ್ಮಲ್ಲಿ ಭಾನುವಾರ ಬೆಳಗ್ಗೆ 10:50. ಎರಡನೇ 1:20 ಚಳಿಗಾಲದ್ದು, ಆಗ ನಮ್ಮಲ್ಲಿ 11:50. ಎರಡರ ನಡುವೆ ಪೂರ್ತಿ ಒಂದು ಗಂಟೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಈ ಒಂದು ಗಂಟೆಯಲ್ಲಿ ಅದು ಬದಲಾದರೂ ಆದೀತು.

ಇದನ್ನು ಬಿಡಿಸುವುದು ನಿಮ್ಮ ಕೈಯಲ್ಲೇ ಇದೆ. ಹೆರಿಗೆಗೆ ಇಲ್ಲಿಂದ ಯಾರಾದರೂ ಹೋಗಿರಬೇಕಲ್ಲ, ಅವರೋ ಮಗುವಿನ ಅಪ್ಪನೋ ಮನೆಯ ವಾಟ್ಸಾಪ್ ಗುಂಪಿಗೆ "ಹೆಣ್ಣು ಮಗು, ಇಬ್ಬರೂ ಕ್ಷೇಮ" ಎಂದು ಹಾಕಿರುತ್ತಾರೆ. ಆ ಸಂದೇಶ ನಿಮ್ಮ ಫೋನಿನಲ್ಲಿ ಎಷ್ಟು ಗಂಟೆಗೆ ಬಂದಿದೆ ನೋಡಿ. ನಿಮ್ಮ ಫೋನ್ ತೋರಿಸುವುದು ಇಲ್ಲಿನ ಸಮಯ, ಇಲ್ಲಿ ಯಾವ ಗಂಟೆಯೂ ಎರಡು ಸಲ ಬರಲಿಲ್ಲ. 11:50ಕ್ಕೆ ಮುಂಚೆ ಬಂದಿದ್ದರೆ ಮಗು ಹುಟ್ಟಿದ್ದು ಮೊದಲನೇ 1:20ಕ್ಕೇ, ಜೋಯಿಸರು ಬರೆಯಲು ಕೂರಬಹುದು. ಆಮೇಲೆ ಬಂದಿದ್ದರೆ ಇದರಿಂದ ತೀರ್ಮಾನವಾಗದು, ಹೆರಿಗೆಯ ದಾಖಲೆಯಲ್ಲಿ ಇಡಿಟಿ (ಬೇಸಿಗೆ ಸಮಯ) ಎಂದಿದೆಯೋ ಇಎಸ್‌ಟಿ (ಚಳಿಗಾಲದ್ದು) ಎಂದಿದೆಯೋ ಕೇಳಿಸಿ. ಅವಳಿ ಮಕ್ಕಳಾಗಿ, ಮೊದಲನೆಯದು 1:50ಕ್ಕೂ ಎರಡನೆಯದು ಇಪ್ಪತ್ತು ನಿಮಿಷ ಬಿಟ್ಟು 1:10ಕ್ಕೂ ಹುಟ್ಟಿದ್ದರೆ ಕಾಗದದಲ್ಲಿ ತಂಗಿಯೇ ಅಕ್ಕ ಆಗಿಬಿಡುತ್ತಿದ್ದಳು.

ಇನ್ನು ನಿಮ್ಮ ಜಾತಕ. ಭಾರತಕ್ಕೆ ಡೇಲೈಟ್ ಸೇವಿಂಗ್ ಗೊತ್ತೇ ಇಲ್ಲ ಎನ್ನುವವರಿಗೆ ನಿಮ್ಮನ್ನು ತೋರಿಸಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ನಮ್ಮ ಗಡಿಯಾರ ಒಂದು ಗಂಟೆ ಮುಂದಿತ್ತು, 5:30ರ ಬದಲು 6:30. ಹಳೇ ಜೋಯಿಸರು ಆ ಕಾಲದವರ ಜಾತಕಕ್ಕೆ ಒಂದು ಗಂಟೆ ಕಳೆಯುತ್ತಿದ್ದುದು ಅದಕ್ಕೇ. ನಿಮ್ಮ 7:10 ಈಗಿನ ಲೆಕ್ಕದಲ್ಲಿ 6:10. ಒಂದು ಆ್ಯಪ್ ಏಷ್ಯಾ/ಕೋಲ್ಕತ್ತಾದ ಇತಿಹಾಸ ಓದಿ ಲೆಕ್ಕ ಹಾಕಿರಬೇಕು, ಇನ್ನೊಂದನ್ನು ಬರೆದವನು 5:30 ಎಂದು ಕಣ್ಣು ಮುಚ್ಚಿ ಬರೆದಿರಬೇಕು. ಪರೀಕ್ಷೆ ಸುಲಭ: ಅದೇ ದಿನ, 6:10 ಎಂದು ಎರಡನೇ ಆ್ಯಪ್‌ಗೆ ಕೊಡಿ. ಈಗ ಮೊದಲನೆಯದರ ಲಗ್ನವನ್ನೇ ತೋರಿಸಿದರೆ ಕಳ್ಳ ಸಿಕ್ಕಿದ.

ಹಳೇ ಜಾತಕದ ಓಲೆಯಲ್ಲಿ ಗಂಟೆಯ ಬದಲು "ಉದಯಾದಿ ಘಟಿ" ಎಂದು ಎಲ್ಲಾದರೂ ಬರೆದಿದ್ದರೆ ಅದನ್ನೇ ಹಿಡಿಯಿರಿ. ಸೂರ್ಯ ಹುಟ್ಟಿದ ಮೇಲೆ ಕಳೆದ ಹೊತ್ತು ಅದು, ಘಟಿಗೆ 24 ನಿಮಿಷ. ಯಾವ ಸರ್ಕಾರ ಗಡಿಯಾರ ತಿರುಗಿಸಿದರೂ ಅದಕ್ಕೆ ತಟ್ಟುವುದಿಲ್ಲ. ಜಾತಕ ನಂಬುವುದು ಬಿಡುವುದು ನಿಮ್ಮ ನಿಮ್ಮ ಮನೆಯ ವಿಚಾರ, ನನ್ನ ಜವಾಬ್ದಾರಿ ಗಂಟೆಯದ್ದು ಮಾತ್ರ.

ಪ್ರಶ್ನೆ: ಮೇಡಂ, ಅಮೆರಿಕದ ಕ್ಲೈಂಟ್‌ಗೆ ಹಾಜರಾತಿ ಮತ್ತು ಸಂಬಳದ ಲೆಕ್ಕ ನೋಡುವ ತಂಡದಲ್ಲಿದ್ದೇನೆ. ಶನಿವಾರ ರಾತ್ರಿ 11ರಿಂದ ಭಾನುವಾರ ಬೆಳಗ್ಗೆ 7ರ ಪಾಳಿಗೆ ಎಂಟು ಗಂಟೆ ಕೊಡಬೇಕೋ ಒಂಬತ್ತೋ? ನಮ್ಮ ಮ್ಯಾನೇಜರು "ಮಾರ್ಚ್‌ನಲ್ಲಿ ಒಂದು ಕಮ್ಮಿ ಆಗತ್ತೆ, ಸರಿ ಹೋಗತ್ತೆ ಬಿಡಿ" ಅಂತಾರೆ.
— ಮೈಸೂರು

ಉತ್ತರ: ಸರಿ ಹೋಗುವುದಿಲ್ಲ. ನವೆಂಬರಿನಲ್ಲಿ ಪಾಳಿ ಮಾಡಿದವಳೇ ಮಾರ್ಚ್‌ನಲ್ಲೂ ಮಾಡುತ್ತಾಳೆ ಎಂದು ಯಾರು ಹೇಳಿದರು? ಗಂಟೆ ಲೆಕ್ಕದ ಸಂಬಳದವರಿಗೆ ದುಡಿದಷ್ಟು ಹೊತ್ತಿಗೆ ಕೊಡಬೇಕು ಎನ್ನುವುದು ಅಲ್ಲಿನ ಕಾನೂನು. ನವೆಂಬರಿನ ಆ ರಾತ್ರಿ ಒಂಬತ್ತು, ಮಾರ್ಚಿನ ಆ ರಾತ್ರಿ ಏಳು.

ಈ ಪ್ರಶ್ನೆ ಬಂದಾಗ ನನಗೆ ಸ್ವಲ್ಪ ಮೈ ಬಿಸಿಯಾಗುತ್ತದೆ, ಕಾರಣ ಹೇಳುತ್ತೇನೆ. 22 ವರ್ಷ ನಾನು ಮಾಡಿದ್ದು ಇದೇ ಕೆಲಸ. 2009ರ ನವೆಂಬರ್ 1, ಭಾನುವಾರ, ರಾಜ್ಯೋತ್ಸವ. ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಬಾವುಟ ಹಾರಿಸಿ ಮೈಸೂರ್‌ಪಾಕ್ ಹಂಚಿ ಹನ್ನೊಂದೂವರೆಗೆ ಮನೆಗೆ ಬಂದೆ. ಸರಿಯಾಗಿ ಆ ಹೊತ್ತಿಗೆ ಒಹಾಯೋದಲ್ಲಿ ಗಡಿಯಾರ 2ರಿಂದ 1ಕ್ಕೆ ಹೋಗುತ್ತಿತ್ತು. ನನಗೆ ಅದರ ನೆನಪೇ ಇರಲಿಲ್ಲ. ಸೋಮವಾರ ಸಂಜೆ ನಾಲ್ಕೂವರೆಗೆ, ಅಂದರೆ ಅಲ್ಲಿನ ಬೆಳಗ್ಗೆ 6ಕ್ಕೆ, ಒಂದು ಆಸ್ಪತ್ರೆಯ ವಾರದ ವರದಿ ಹೊರಬಿತ್ತು. ಅದರಲ್ಲಿ ಒಬ್ಬ ನರ್ಸಮ್ಮ ಶನಿವಾರ ರಾತ್ರಿ ದುಡಿದದ್ದು: ಮೈನಸ್ 15 ಗಂಟೆ 30 ನಿಮಿಷ. ಕೆಂಪಕ್ಷರದಲ್ಲಿ. ಆಸ್ಪತ್ರೆಗೆ ಆಕೆಯೇ ಹಣ ಕೊಡಬೇಕು ಎಂಬಂತೆ.

ಆಕೆಯ ಪಂಚ್‌ಗಳನ್ನು, ಅಂದರೆ ಹಾಜರಾತಿ ಯಂತ್ರದಲ್ಲಿ ದಾಖಲಾದ ಹೊತ್ತುಗಳನ್ನು, ತೆಗೆದು ನೋಡಿದೆವು. ಒಳಗೆ 11:00. ಊಟಕ್ಕೆ ಹೊರಗೆ 1:40. ಊಟ ಮುಗಿಸಿ ಒಳಗೆ 1:10. ಮನೆಗೆ 7:00. ಹತ್ತು ನಿಮಿಷ ಮೂರು ಜನ ಆ ಪರದೆಯನ್ನೇ ನೋಡಿದೆವು. ಒಂದು ನಲವತ್ತಾದ ಮೇಲೆ ಒಂದು ಹತ್ತು ಹೇಗೆ ಬರುತ್ತದೆ? ಆಕೆ ಊಟಕ್ಕೆ ತೆಗೆದುಕೊಂಡದ್ದು ಬರೀ 30 ನಿಮಿಷ. ಮೊದಲನೇ 1:40ಕ್ಕೆ ಹೋಗಿ ಎರಡನೇ 1:10ಕ್ಕೆ ಬಂದಿದ್ದಾಳೆ. ನಮ್ಮ ಕೋಡಿನಲ್ಲಿ ಒಂದು ಸಾಲಿತ್ತು: ಮುಗಿದ ಸಮಯ ಶುರುವಾದ ಸಮಯಕ್ಕಿಂತ ಚಿಕ್ಕದಿದ್ದರೆ ಮಧ್ಯರಾತ್ರಿ ದಾಟಿದೆ ಎಂದರ್ಥ, 24 ಗಂಟೆ ಕೂಡಿಸು. 11ರಿಂದ 7ರ ಪಾಳಿಗೆ ಅದು ಬೇಕೇ ಬೇಕು, ಅದರಿಂದ 8 ಬಂತು. ಅದೇ ಸಾಲು ಊಟಕ್ಕೂ ಅನ್ವಯಿಸಿ ಮೈನಸ್ 30 ನಿಮಿಷಕ್ಕೆ 24 ಗಂಟೆ ಕೂಡಿಸಿ, ಆಕೆ ಇಪ್ಪತ್ಮೂರೂವರೆ ಗಂಟೆ ಊಟ ಮಾಡಿದಳು ಎಂದು ತೀರ್ಮಾನಿಸಿತು. ಎಂಟರಲ್ಲಿ ಇಪ್ಪತ್ಮೂರೂವರೆ ಹೋದರೆ ಮೈನಸ್ ಹದಿನೈದೂವರೆ. ನಿಜವಾಗಿ ಆಕೆಗೆ ಸಲ್ಲಬೇಕಾದದ್ದು ಒಂಬತ್ತರಲ್ಲಿ ಅರ್ಧ ಕಳೆದು ಎಂಟೂವರೆ ಗಂಟೆ.

ಆ ಸಾಲು ಬರೆದದ್ದು ನಾನೇ. ಮದುವೆಗೆ ಮುಂಚೆ ಬರೆದದ್ದು.

ಆಕೆಯದ್ದು ಕೆಂಪಾಗಿ ಕಂಡಿತು, ಸಿಕ್ಕಿಬಿತ್ತು. ಅದೇ ರಾತ್ರಿ ಪಾಳಿಯ ಉಳಿದವರಿಗೆಲ್ಲ ಒಂದೊಂದು ಗಂಟೆ ಸದ್ದಿಲ್ಲದೆ ಹೋಗಿತ್ತು. ಹಿಂದಿನ ವರ್ಷಗಳಲ್ಲೂ ಹೋಗಿತ್ತು. ಆ ಸಂಜೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಸರಿಪಡಿಸಿದ್ದು ಹೇಗೆ ಎನ್ನುವುದು ನಿಮಗೂ ಉಪಯೋಗಕ್ಕೆ ಬಂದೀತು. ಪಂಚ್ ಯಂತ್ರ ಕಳಿಸುತ್ತಿದ್ದದ್ದು ಬರೀ ಸ್ಥಳೀಯ ಸಮಯ, ಆಫ್‌ಸೆಟ್ (ಯುಟಿಸಿಯಿಂದ ಎಷ್ಟು ಗಂಟೆ ಹಿಂದೆ-ಮುಂದೆ ಎಂಬ ಅಂಕಿ) ಇಲ್ಲ. ಆದರೆ ಪ್ರತಿ ಪಂಚ್‌ಗೂ ಒಂದು ಕ್ರಮಸಂಖ್ಯೆ ಕೊಡುತ್ತಿತ್ತು. ಒಂದೇ ಯಂತ್ರದ ಎಲ್ಲರ ಪಂಚ್‌ಗಳನ್ನೂ ಕ್ರಮಸಂಖ್ಯೆಯಂತೆ ಜೋಡಿಸಿದಾಗ 1:52, 1:55, ಆಮೇಲೆ 1:03 ಎಂದು ಒಂದು ಕಡೆ ಸಮಯ ಹಿಂದಕ್ಕೆ ಜಾರಿತು. ಜಾರಿದ ಜಾಗಕ್ಕಿಂತ ಮೇಲಿನವು ಬೇಸಿಗೆಯವು, ಕೆಳಗಿನವು ಚಳಿಗಾಲದವು. ಹಳೇ ವರ್ಷಗಳ ಲೆಕ್ಕವನ್ನೂ ಹೀಗೇ ತೆಗೆದು ಬಾಕಿ ಕೊಡಿಸಿದೆವು. ನಿಮ್ಮ ಯಂತ್ರಗಳು ಯುಟಿಸಿಯನ್ನೋ ಆಫ್‌ಸೆಟ್ ಸಮೇತ ಸಮಯವನ್ನೋ ಕಳಿಸುತ್ತಿದ್ದರೆ ಈ ಸರ್ಕಸ್ ಬೇಡ: ಎರಡು ತುದಿಯನ್ನೂ ಯುಟಿಸಿಗೆ ತಂದು ಕಳೆದರೆ ಮುಗಿಯಿತು. ನಡೆದು ಹೋದದ್ದಕ್ಕೆ ಯುಟಿಸಿಯಂಥ ಮದ್ದಿಲ್ಲ. "24 ಕೂಡಿಸು" ಎಂಬ ಸಾಲು ನಿಮ್ಮಲ್ಲೂ ಎಲ್ಲೋ ಇರುತ್ತದೆ, ಹುಡುಕಿ ತೆಗೆಯಿರಿ.

ಪ್ರಶ್ನೆ: ನ್ಯೂಯಾರ್ಕ್, ಲಂಡನ್, ಮಂಗಳೂರು ಸೇರಿ ವಾರಕ್ಕೊಂದು ಮೀಟಿಂಗ್. ಪ್ರತಿ ಮಾರ್ಚ್‌ನಲ್ಲೂ ಎರಡು-ಮೂರು ವಾರ ಯಾರಾದರೊಬ್ಬರು ತಪ್ಪು ಹೊತ್ತಿಗೆ ಬರುತ್ತಾರೆ. ಯಾಕೆ?
— ಮಂಗಳೂರು

ಉತ್ತರ: ಅಮೆರಿಕ ಬದಲಾಗುವುದು ಮಾರ್ಚಿನ ಎರಡನೇ ಭಾನುವಾರ, ಯುರೋಪ್ ಬದಲಾಗುವುದು ಕೊನೆಯ ಭಾನುವಾರ. 2026ರಲ್ಲಿ 8 ಮತ್ತು 29. ಆ ನಡುವೆ ನ್ಯೂಯಾರ್ಕಿಗೂ ಲಂಡನ್ನಿಗೂ ಐದರ ಬದಲು ನಾಲ್ಕೇ ಗಂಟೆ ಅಂತರ. ನ್ಯೂಯಾರ್ಕಿನ ಬೆಳಗ್ಗೆ 9ರ ಮೀಟಿಂಗ್ ನಿಮಗೆ ಚಳಿಗಾಲದಲ್ಲಿ ಸಂಜೆ 7:30ಕ್ಕೆ, ಮಾರ್ಚ್ 8ರಿಂದ 6:30ಕ್ಕೆ. ಲಂಡನ್ನಿನವರಿಗೆ ಮಧ್ಯಾಹ್ನ 2 ಇದ್ದದ್ದು ಮೂರು ವಾರ 1 ಆಗಿ, 29ರಿಂದ ಮತ್ತೆ 2. ಶರತ್ಕಾಲದಲ್ಲಿ ಈ ಗೊಂದಲ ಒಂದೇ ವಾರದ್ದು.

ಕ್ಯಾಲೆಂಡರಿನಲ್ಲಿ ಮೀಟಿಂಗ್ ಹಾಕುವಾಗ ಅದರ ತವರು ಯಾವ ಊರು ಎಂದು ಮೊದಲು ನಿರ್ಧರಿಸಿ, ಆ ಊರಿನ ಟೈಮ್‌ಝೋನಿನಲ್ಲೇ ಹಾಕಿ. ಮಂಗಳೂರಿನವರು ಇಲ್ಲಿನ ಸಮಯದಲ್ಲಿ ಹಾಕಿದರೆ ನಮಗೆ ಕದಲುವುದಿಲ್ಲ, ಅವರಿಬ್ಬರಿಗೆ ಕದಲುತ್ತದೆ. ಯಾರಾದರೊಬ್ಬರು ಹೊಂದಿಕೊಳ್ಳಲೇಬೇಕು. ಸಾಮಾನ್ಯವಾಗಿ ಅದು ನಾವೇ ಆಗಿರುತ್ತೇವೆ, ಇರಲಿ.

ಪ್ರಶ್ನೆ: ಇಷ್ಟೆಲ್ಲ ರಂಪ ಯಾಕೆ? ಎಲ್ಲವನ್ನೂ ಯುಟಿಸಿಯಲ್ಲಿ ಶೇಖರಿಸಿ, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಿಸಿ. ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ.
— ಆರ್ಕಿಟೆಕ್ಟ್, ಬೆಂಗಳೂರು

ಉತ್ತರ: ಆಗಿರುತ್ತದೆ ಸ್ವಾಮಿ, ನಿಮ್ಮ ತನಕ ಬಂದಿರುವುದಿಲ್ಲ.

ನಡೆದು ಹೋದದ್ದಕ್ಕೆ ನಿಮ್ಮ ಮಾತು ನೂರಕ್ಕೆ ನೂರು. ಮುಂದೆ ನಡೆಯಬೇಕಾದದ್ದಕ್ಕೆ ಅಲ್ಲ. 2022ರ ಬೇಸಿಗೆಯಲ್ಲಿ ಮೆಕ್ಸಿಕೋ ಸಿಟಿಯ ಒಬ್ಬರು ಮುಂದಿನ ವರ್ಷದ ಮೇ ತಿಂಗಳಿಗೆ ಬೆಳಗ್ಗೆ 10ರ ಅಪಾಯಿಂಟ್‌ಮೆಂಟ್ ಪಡೆದರು ಎಂದುಕೊಳ್ಳಿ. ಅಂದಿನ ನಿಯಮದಂತೆ ಮೇ ತಿಂಗಳಲ್ಲಿ ಅಲ್ಲಿ ಯುಟಿಸಿಗಿಂತ ಐದು ಗಂಟೆ ಹಿಂದೆ, ನೀವು 15:00 ಯುಟಿಸಿ ಎಂದು ಬರೆದಿಟ್ಟಿರಿ. ಅಕ್ಟೋಬರಿನಲ್ಲಿ ಮೆಕ್ಸಿಕೋ ಡೇಲೈಟ್ ಸೇವಿಂಗನ್ನೇ ತೆಗೆದುಹಾಕಿತು, ಗಡಿಭಾಗದ ಕೆಲವು ಊರುಗಳನ್ನು ಬಿಟ್ಟು. ಈಗ ಅಲ್ಲಿ ವರ್ಷವಿಡೀ ಆರು ಗಂಟೆ ಹಿಂದೆ. ನಿಮ್ಮ 15:00 ಪರದೆಯ ಮೇಲೆ ಬೆಳಗ್ಗೆ 9 ಆಯಿತು. ಡಾಕ್ಟರು ಹೇಳಿದ್ದು 10. ಡೇಟಾಬೇಸಿನಲ್ಲಿ ಎಲ್ಲಿಯೂ 10 ಎನ್ನುವುದೇ ಇಲ್ಲ, ಅದನ್ನು ನೀವು ಉಳಿಸಿಕೊಳ್ಳಲೇ ಇಲ್ಲ. "10:00, ಅಮೆರಿಕಾ/ಮೆಕ್ಸಿಕೋ ಸಿಟಿ" ಎಂದಿಟ್ಟವರಿಗೆ ಟಿಝಡ್‌ಡೇಟಾ ಅಪ್‌ಡೇಟ್ ಮಾಡಿದ ದಿನವೇ ಎಲ್ಲ ತಾನಾಗಿ ಸರಿಯಾಯಿತು.

ಅಪ್‌ಡೇಟ್ ಎಂದೆ. ಅದರ ಮೂಲ ಒಂದೇ ಒಂದು ಕೋಷ್ಟಕ, ಟಿಝಡ್ ಡೇಟಾಬೇಸ್. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರುಮಾಡಿದ್ದು, ಈಗ ಪಾಲ್ ಎಗ್ಗರ್ಟ್ ನೋಡಿಕೊಳ್ಳುತ್ತಾರೆ, ಹಂಚುವುದು ಅಂತರ್ಜಾಲದ ಹೆಸರು-ಸಂಖ್ಯೆಗಳ ಪಟ್ಟಿ ನೋಡಿಕೊಳ್ಳುವ ಸಂಸ್ಥೆ ಐಎಎನ್‌ಎ. ಲಿನಕ್ಸ್ ಸರ್ವರ್, ಆಂಡ್ರಾಯ್ಡ್ ಫೋನ್, ಜಾವಾ ಎಲ್ಲ ನೀರು ಕುಡಿಯುವುದು ಇದೇ ಬಾವಿಯಿಂದ. ಇದರಲ್ಲಿನ ಹಳೇ ಕಾಲದ ಸಮಯದ ಮಾಹಿತಿ ತನ್ನದು ಎಂದು 2011ರಲ್ಲಿ ಅಮೆರಿಕದ ಒಂದು ಕಂಪನಿ ಇವರಿಬ್ಬರ ಮೇಲೆ ಕೇಸು ಹಾಕಿ, ಮುಂದಿನ ವರ್ಷ ಹಿಂತೆಗೆದುಕೊಂಡಿತು. ಕಂಪನಿ ಮಾರುತ್ತಿದ್ದದ್ದು ಜ್ಯೋತಿಷ್ಯದ ಸಾಫ್ಟ್‌ವೇರ್. ಶಿವಮೊಗ್ಗದ ಮೇಷ್ಟ್ರು ಓದುತ್ತಿದ್ದರೆ ಖುಷಿಪಡುತ್ತಾರೆ.

ಆ ಬಾವಿಯವರಿಗೂ ನಿದ್ದೆ ಕೊಡದ ಸರ್ಕಾರಗಳಿವೆ. 2023ರ ಮಾರ್ಚ್ 23ರಂದು ಲೆಬನಾನ್ ಸರ್ಕಾರ, ಎರಡು ದಿನದಲ್ಲಿ ಆಗಬೇಕಿದ್ದ ಗಡಿಯಾರ ಬದಲಾವಣೆಯನ್ನು ರಂಜಾನ್ ಮುಗಿಯುವ ತನಕ ಮುಂದೂಡಿತು. ಚರ್ಚು, ಕೆಲವು ಟಿವಿ ಚಾನೆಲ್ಲು "ನಾವು ಒಪ್ಪುವುದಿಲ್ಲ" ಎಂದು ಬದಲಾಯಿಸಿಯೇಬಿಟ್ಟರು. ಒಂದೇ ದೇಶದಲ್ಲಿ ಎರಡು ಸಮಯ. ಮುಂದೂಡಿಕೆ ಸೇರಿಸಿ 2023ಬಿ ಆವೃತ್ತಿ ಬಂತು. ಸರ್ಕಾರ ಹಿಂದೆ ಸರಿದ ಮೇಲೆ ಅದನ್ನು ಕಿತ್ತುಹಾಕಿ 2023ಸಿ ಬಂತು, ವಾರದೊಳಗೆ. ನೀವು ಎರಡು ವರ್ಷದ ಹಿಂದೆ ಕಟ್ಟಿದ ಡಾಕರ್ ಇಮೇಜಿನಲ್ಲಿ (ಪ್ರೋಗ್ರಾಂ, ಅದಕ್ಕೆ ಬೇಕಾದದ್ದೆಲ್ಲ ಸೇರಿಸಿ ಕಟ್ಟಿಟ್ಟ ಗಂಟಿನಲ್ಲಿ) ಯಾವ ಆವೃತ್ತಿ ಇದೆ ಎಂದು ಇವತ್ತು ನೋಡಿಬಿಡಿ. ಜಾವಾ ತನ್ನದೇ ಪ್ರತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ, ಆಪರೇಟಿಂಗ್ ಸಿಸ್ಟಂ ಹೊಸದಾದರೂ ಅದು ಹಳೆಯದೇ ಇರಬಹುದು.

ಪ್ರಶ್ನೆ: ಇದನ್ನೆಲ್ಲ ಪರೀಕ್ಷೆ ಮಾಡಲು ಮಾರ್ಚ್ ತನಕ ಕಾಯಬೇಕಾ ಮೇಡಂ?
— ಟೆಸ್ಟರ್, ತುಮಕೂರು

ಉತ್ತರ: ಬೇಡ. "ಈಗೆಷ್ಟು ಗಂಟೆ" ಎಂದು ಕೋಡ್ ನೇರವಾಗಿ ಸಿಸ್ಟಂ ಗಡಿಯಾರವನ್ನು ಕೇಳದಂತೆ ಮಾಡಿಸಿ, ಗಡಿಯಾರವನ್ನು ಹೊರಗಿನಿಂದ ಕೊಡಿ. ಆಮೇಲೆ ನೀವು ಬೇಕಾದ ರಾತ್ರಿಗೆ ಹೋಗಬಹುದು. ಟೆಸ್ಟ್ ಓಡಿಸುವ ಯಂತ್ರದ ಟೈಮ್‌ಝೋನ್ ನಮ್ಮದೇ ಇದ್ದರೆ ಬಗ್ ಅಡಗಿಕೊಳ್ಳುತ್ತದೆ, ನ್ಯೂಯಾರ್ಕಿಗೂ ಬದಲಿಸಿ ಓಡಿಸಿ.

ನನ್ನ ಹತ್ತಿರ ಒಂದು ಹಳೇ ಕಡತವಿದೆ, ಮೆತ್ತಗೆ ಬೆಳೆಯುತ್ತಾ ಬಂದದ್ದು. ಅದರಲ್ಲಿ ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪ ಇದೆ, ಅಲ್ಲಿ ಗಡಿಯಾರ ಸರಿಯುವುದು ಅರ್ಧ ಗಂಟೆ ಮಾತ್ರ. ಚಿಲಿಯ ಸಾಂಟಿಯಾಗೋ ಇದೆ, ಅಲ್ಲಿ ಸೆಪ್ಟೆಂಬರಿನ ಒಂದು ಭಾನುವಾರ ರಾತ್ರಿ 12 ಗಂಟೆಯೇ ಇರುವುದಿಲ್ಲ, ಸೀದಾ 1. ದಿನಾಂಕವನ್ನು "ಮಧ್ಯರಾತ್ರಿ" ಎಂದು ಶೇಖರಿಸುವ ಕೋಡ್ ಅಲ್ಲಿ ಮುಗ್ಗರಿಸುತ್ತದೆ. ಸಮೋವಾ ಇದೆ, 2011ರ ಡಿಸೆಂಬರ್ 30 ಎಂಬ ದಿನವನ್ನೇ ಅವರು ಹಾರಿಬಿಟ್ಟರು. ಭಾರತದ 1943 ಇದೆ.

ಕಡತದ ಮೊದಲ ಸಾಲು ಆ ನರ್ಸಮ್ಮನದು. ಹೊರಗೆ 1:40, ಒಳಗೆ 1:10. ಉತ್ತರ 30 ಬರಬೇಕು.